ಪಾದಯಾತ್ರೆಗೊಂದು ಪೂರ್ವಪೀಠಿಕೆ

ಹನುಮಂತನಗರದಲ್ಲಿ ಬೆಳೆದವರಿಗೆ ಹತ್ತುವ, ಇಳಿಯುವ ವಿಷಯದಲ್ಲಿ ಒಂದು ಸಣ್ಣ ಜಂಬವಿರುತ್ತದೆ. ಬೆಂಗಳೂರಿನ ಬೇರೆ ಬಡಾವಣೆಯವರಿಗೆ ರಸ್ತೆ ದಾಟಿದರೆ ದೇವರು ಸಿಗುತ್ತಾನೆ. ನಮ್ಮಲ್ಲಿ ಮೆಟ್ಟಿಲು ಹತ್ತದೆ ಸಿಗುವುದಿಲ್ಲ. ರಾಮಾಂಜನೇಯ ಒಂದು ಗುಡ್ಡದ ಮೇಲೆ, ಕುಮಾರಸ್ವಾಮಿ ಇನ್ನೊಂದರ ಮೇಲೆ, ಪಕ್ಕದ ಗವೀಪುರಕ್ಕೆ ಹೋದರೆ ಹರಿಹರೇಶ್ವರನೂ ಗುಡ್ಡದ ಮೇಲೆಯೇ. ಗವಿ ಗಂಗಾಧರೇಶ್ವರನೊಬ್ಬ ವಯಸ್ಸಾದವರ ಮಂಡಿಯ ಮೇಲೆ ಕರುಣೆ ತೋರಿ ಕೆಳಗೇ ಉಳಿದಿದ್ದಾನೆ. ಆದರೆ ಅವನ ಪ್ರದಕ್ಷಿಣೆಯನ್ನು ಬಂಡೆಯಡಿ ಬೆನ್ನು ಬಗ್ಗಿಸಿಕೊಂಡೇ ಹಾಕಬೇಕಾದ್ದರಿಂದ, ಮಂಡಿಯಲ್ಲಿ ಉಳಿಸಿದ್ದನ್ನು ಸೊಂಟದಲ್ಲಿ ತೆರಬೇಕಾಗುತ್ತದೆ.

ಇಷ್ಟೆಲ್ಲ ಹತ್ತಿ ಇಳಿದವರಲ್ಲವೇ ಎಂಬ ಧೈರ್ಯದ ಮೇಲೆಯೇ ನಾನೂ ನನ್ನ ಬಾಲ್ಯದ ಗೆಳೆಯನೂ ಈ ಸಲದ ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋಗುವುದೆಂದು ನಿಶ್ಚಯಿಸಿದ್ದು. ನಿಶ್ಚಯವಾದದ್ದು ಕಡಲೆಕಾಯಿ ಪರಿಷೆಯಲ್ಲಿ, ಹುರಿದ ಕಡಲೆಕಾಯಿ ಸುಲಿಯುತ್ತಾ. ಬಾಯಿ ಆಡುತ್ತಿರುವಾಗ ಮನುಷ್ಯ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾನೆ.

ಗೆಳೆಯ ನಿವೃತ್ತ ಬ್ಯಾಂಕ್ ಉದ್ಯೋಗಿ. ಹೆಸರಿಗಿಂತ ‘ಕ್ಯಾಷಿಯರ್’ ಎಂದರೇ ನಮ್ಮ ಬೀದಿಗೆ ಬೇಗ ಗೊತ್ತಾಗುವುದು. ಎಣಿಸದೆ ಯಾವುದನ್ನೂ ನಂಬುವವನಲ್ಲ. ದೇವರ ಹುಂಡಿಗೆ ನೂರು ರೂಪಾಯಿ ಹಾಕುವಾಗಲೂ ನೋಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಹಾಕುತ್ತಾನೆ. ಪರಿಷೆಯಿಂದ ಮನೆಗೆ ಬಂದ ರಾತ್ರಿಯೇ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಒಂದು ಕಡೆ ‘ಇರುವುದು’, ಇನ್ನೊಂದು ಕಡೆ ‘ಬೇಕಾದದ್ದು’ ಎಂದು ಬರೆದ. ‘ಇರುವುದು’ ಕೆಳಗೆ ಬಹಳ ಹೊತ್ತು ಯೋಚಿಸಿ ‘ಕಾಲು–4’ ಎಂದು ನಮೂದಿಸಿದ.

ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಯ ಹೊತ್ತಿಗೆ ಬೆಂಗಳೂರು, ರಾಮನಗರ, ಕನಕಪುರ, ಮಂಡ್ಯದ ಕಡೆಯಿಂದ ಸಾವಿರಾರು ಜನ ನಡೆದು ಹೋಗುತ್ತಾರೆ. ಬಸ್ಸಿನಲ್ಲಿ ಹೋದರೆ ಮಳವಳ್ಳಿ, ಕೊಳ್ಳೇಗಾಲ ಸುತ್ತಿಕೊಂಡು 200 ಕಿ.ಮೀ. ದಾಟುತ್ತದೆ. ನಡೆಯುವವರು ಮೂಲೆ ಕತ್ತರಿಸುತ್ತಾರೆ. ಬನಶಂಕರಿ ಅಮ್ಮನಿಗೆ ಕೈಮುಗಿದು ಕನಕಪುರ ರಸ್ತೆ ಹಿಡಿದರೆ ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ, ಆಮೇಲೆ ಸಂಗಮ. ಅಲ್ಲಿ ಕಾವೇರಿಯನ್ನು ದಾಟಿ, ಕಾಡಿನೊಳಗೆ ಹಾದು, ಶಾಗ್ಯ, ಹನೂರು, ಕೌದಳ್ಳಿಗಳ ಮೇಲೆ ತಾಳಬೆಟ್ಟ ಸೇರಿದರೆ ಮುಂದಿನದೆಲ್ಲ ಏರು. ಎಷ್ಟೇ ಮೂಲೆ ಕತ್ತರಿಸಿದರೂ 150 ಕಿ.ಮೀ.ಗೆ ಕಡಿಮೆಯಿಲ್ಲ. ಎಪ್ಪತ್ತೇಳು ಮಲೆಯ ಒಡೆಯನಿಗೇನೋ ಹುಲಿವಾಹನವಿದೆ. ನಮಗೆ ಆ ಸೌಕರ್ಯವಿಲ್ಲ. ಸಂಗಮದ ಸುತ್ತ 1987ರಿಂದ ಕಾವೇರಿ ವನ್ಯಜೀವಿಧಾಮ, ಬೆಟ್ಟದ ಸುತ್ತ 2013ರಿಂದ ಮಲೆ ಮಹದೇಶ್ವರ ವನ್ಯಜೀವಿಧಾಮ. ಅಲ್ಲಿ ಹುಲಿ, ಚಿರತೆ, ಆನೆ ಎಲ್ಲ ಇವೆಯಾದರೂ ನಿವೃತ್ತರನ್ನು ಹೊತ್ತುಕೊಂಡು ಹೋಗುವ ಸೇವಾಭಾವ ಅವುಗಳಲ್ಲಿ ಕಂಡುಬಂದಿಲ್ಲ.

ದಾರಿಯ ಬಗ್ಗೆ ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆದು ನನಗೇ ರೋಮಾಂಚನವಾಯಿತು. ನಮಗಿಂತ ಎಷ್ಟೋ ಮುಂಚಿನಿಂದ ನಮ್ಮ ಸೀಮೆಯ ನೀರು ಸಂಗಮಕ್ಕೆ ಹೋಗುತ್ತಲೇ ಇದೆ. ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆಂದು ಹಿರಿಯರು ನಂಬುವ ವೃಷಭಾವತಿ ಮೈಸೂರು ರಸ್ತೆಯ ಪಕ್ಕ ಕೆಂಗೇರಿಯತ್ತ ಸಾಗಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಯಲ್ಲಿ ತಂಗಿ, ಕನಕಪುರದ ಸಮೀಪ ಅರ್ಕಾವತಿಯನ್ನು ಕೂಡುತ್ತಾಳೆ. ನಂದಿಬೆಟ್ಟದಿಂದ ಬಂದ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಾವೇರಿಯಾದರೋ ಎದುರು ದಿಕ್ಕಿನಿಂದ ನಮ್ಮ ಮನೆಗೆ ಬರುತ್ತಾಳೆ. 1974ರಿಂದ ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಪಂಪು ನೂಕಿ, ಸುಮಾರು 100 ಕಿ.ಮೀ. ದೂರವನ್ನೂ 500 ಮೀಟರಿನಷ್ಟು ಏರನ್ನೂ ಹತ್ತಿಸಿ ಅವಳನ್ನು ಬೆಂಗಳೂರಿಗೆ ತರುತ್ತಾರೆ. ಕ್ಯಾಷಿಯರ್‌ಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಕೂಡಿಸಿ ಕಳೆದು, “ಚೊಕ್ಕ ಆಗಿ ಬರ್ತಾಳೆ, ಗಲೀಜಾಗಿ ವಾಪಸ್ ಕಳಿಸ್ತೀವಿ. ಇಂಥ ಅಕೌಂಟು ನಮ್ಮ ಬ್ರಾಂಚಲ್ಲಿ ಇದ್ದಿದ್ರೆ ಎಂದೋ ಮುಚ್ಚಿಸ್ತಿದ್ದೆ ಕಣೋ” ಎಂದ. ಈ ಲೆಕ್ಕದಲ್ಲಿ ಪಂಪಿನ ಸಹಾಯವಿಲ್ಲದೆ ಓಡಾಡಬೇಕಾದವರು ನಾವಿಬ್ಬರು ಮಾತ್ರ.

ಪರಿಷೆ ಕಾರ್ತಿಕದ ಕೊನೆಯ ಸೋಮವಾರ, ಶಿವರಾತ್ರಿ ಮಾಘ ಬಹುಳ ಚತುರ್ದಶಿ. ನಡುವೆ ಸುಮಾರು ಮೂರು ತಿಂಗಳು. ಕಾಲನ್ನು ಹದ ಮಾಡಲು ಇಷ್ಟು ಸಾಕು ಎಂದು ಬಲ್ಲವರು ಹೇಳುತ್ತಾರೆ. ಆದರೆ ಬಸವನಗುಡಿ, ಹನುಮಂತನಗರದ ಕಡೆ ಈ ಅವಧಿಯ ನಡುವೆ ಧನುರ್ಮಾಸ ಬರುತ್ತದೆ ಎಂಬುದನ್ನು ಆ ಬಲ್ಲವರು ಗಮನಿಸಿದಂತಿಲ್ಲ. ನಸುಕಿನಲ್ಲಿ ಎದ್ದು ಚಳಿಯಲ್ಲಿ ಹೊರಟರೆ ಯಾವ ದಿಕ್ಕಿಗೆ ತಿರುಗಿದರೂ ಒಂದು ದೇವಸ್ಥಾನ. ಯಾವ ದೇವಸ್ಥಾನಕ್ಕೆ ಹೋದರೂ ದೊನ್ನೆ ತುಂಬ ಬಿಸಿ ಹುಗ್ಗಿ, ಮೇಲೆ ತುಪ್ಪ. ಪ್ರಸಾದವನ್ನು ಬೇಡವೆನ್ನುವುದು ಅಪಚಾರ. ಒಂದೇ ದೇವರ ಪ್ರಸಾದ ತೆಗೆದುಕೊಂಡು ಇನ್ನೊಬ್ಬರದನ್ನು ಬಿಡುವುದು ಪಕ್ಷಪಾತ. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ನಂದಿಯ ಕೊಂಬುಗಳ ನಡುವಿಂದ ಸೂರ್ಯಕಿರಣ ಬೀಳುವ ಹೊತ್ತಿಗೆ ನಮ್ಮ ಕಾಲುಗಳು ಗಟ್ಟಿಯಾಗಿದ್ದವು, ನಿಜ. ಅವು ಹೊರಬೇಕಾದ ಭಾರವೂ ಹೆಚ್ಚಿತ್ತು.

ನಡೆಯುವ ಅಭ್ಯಾಸಕ್ಕೆ ಬೆಂಗಳೂರಿನ ಫುಟ್‌ಪಾತಿಗಿಂತ ಒಳ್ಳೆಯ ಮೈದಾನವಿಲ್ಲ. ಕಾಡಿನಲ್ಲಿ ಬರುವ ಅಡೆತಡೆಗಳೆಲ್ಲ ಐವತ್ತಡಿ ರಸ್ತೆಯಲ್ಲೇ ಸಿಗುತ್ತವೆ. ಅಲುಗಾಡುವ ಚಪ್ಪಡಿ ಕಲ್ಲು, ಬಾಯಿ ತೆರೆದ ಚರಂಡಿ, ಕತ್ತಿಗೆ ಸುತ್ತಿಕೊಳ್ಳುವ ಕೇಬಲ್ಲು, ಟ್ರಾನ್ಸ್‌ಫಾರ್ಮರು, ಎಳನೀರು ಬುರುಡೆಯ ರಾಶಿ, ಅಡ್ಡ ನಿಲ್ಲಿಸಿದ ಸ್ಕೂಟರು. ವೇಗದ ಲೆಕ್ಕಕ್ಕೆ ಕ್ಯಾಷಿಯರ್ ಎಲ್ಲಿಂದಲೋ ಒಂದು ಸೂತ್ರ ತಂದ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದಂತೆ: ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು. ಆ ಮಹಾನುಭಾವರು ಗಾಂಧಿಬಜಾರಿನಲ್ಲಿ ನಡೆದವರಲ್ಲ. ಅಲ್ಲಿ ಪ್ರತಿ ಪರಿಚಿತರಿಗೆ ಹತ್ತು ನಿಮಿಷ, ದೂರದ ನೆಂಟರಿಗೆ ಕಾಲು ಗಂಟೆ, ಮಗಳಿಗೆ ವರ ನೋಡುತ್ತಿರುವವರಿಗೆ ಅರ್ಧ ಗಂಟೆ ಸೇರಿಸಬೇಕು.

ಹೆಜ್ಜೆಯ ಲೆಕ್ಕವೂ ಇತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಫೋನು ಅವನ ಜೇಬಿನಲ್ಲಿ ಆಗಾಗ ನಡುಗಿ ಎಚ್ಚರಿಸುತ್ತಿತ್ತು. ಈ ಹತ್ತು ಸಾವಿರ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಹೆಸರಿನಿಂದ ಬಂದದ್ದು ಎಂದೆ. ಅವನಿಗೆ ಬೇಸರವಾಯಿತು. “ಆದರೂ ರೌಂಡ್ ಫಿಗರ್ ಚೆನ್ನಾಗಿದೆ” ಎಂದು ಎಣಿಸುವುದನ್ನು ಮುಂದುವರಿಸಿದ.

ರಾಮಾಂಜನೇಯ ಗುಡ್ಡದ ಕಲ್ಲುಬೆಂಚುಗಳಲ್ಲಿ ಸುದ್ದಿ ಹಬ್ಬಲು ಎರಡು ಬೆಳಗು ಸಾಕಾಯಿತು. ನಡಿಗೆಯ ಬಗ್ಗೆ ಸಲಹೆ ಕೊಡುವವರೆಲ್ಲ ಕೂತೇ ಕೊಡುತ್ತಾರೆ ಎಂಬುದು ನಾನು ಅಲ್ಲಿ ಕಂಡುಕೊಂಡ ಸತ್ಯ. ಮಂಕಿಟೋಪಿಯವರೊಬ್ಬರು ಬರಿಗಾಲೇ ಶ್ರೇಷ್ಠ ಎಂದರು. ಇನ್ನೊಬ್ಬರು ಹವಾಯಿ ಚಪ್ಪಲಿಯೇ ಸಾಕು, ಕಿತ್ತುಹೋದರೆ ಯಾವ ಹಳ್ಳಿಯಲ್ಲೂ ಸಿಗುತ್ತದೆ ಎಂದರು. ಮೂರನೆಯವರ ಅಳಿಯ ಹಿಮಾಲಯಕ್ಕೆ ಹೋಗಿ ಬಂದಿದ್ದರಿಂದ ಅವರು ಸಾವಿರಗಳ ಲೆಕ್ಕದಲ್ಲಿ ಮಾತಾಡಿದರು. ನಾಲ್ಕನೆಯವರು ಎಲ್ಲ ಕೇಳಿ, “ಬಸ್ಸಿದೆಯಲ್ಲ ಸ್ವಾಮಿ?” ಎಂದರು. ಗವೀಪುರದಲ್ಲಿದ್ದ ಮಾಸ್ತಿಯವರು ವಯಸ್ಸಾದ ಮೇಲೂ ಸಂಜೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. ಹೊರಡುವ ಮುಂಚೆ ಅವರು ಇಷ್ಟು ಜನರ ಅಭಿಪ್ರಾಯ ಕೇಳಿರಲಾರರು.

ಕೊನೆಗೆ ಶೂ ಕೊಂಡೆವು. ಶೂ ಕೊಳ್ಳಲು ಸಂಜೆ ಹೋಗಬೇಕು. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಊದಿಕೊಂಡಿರುತ್ತದೆ. ದೂರದ ನಡಿಗೆಯಲ್ಲಿ ಇನ್ನೂ ಊದುವುದರಿಂದ ಬೆರಳಿನ ಮುಂದೆ ಅರ್ಧ ಇಂಚಾದರೂ ಜಾಗ ಬಿಡಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ತಾಗಿ ತಾಗಿ ಕಪ್ಪಾಗುತ್ತದೆ. ಹೊಸ ಶೂ ಹೊಸ ಅಳಿಯನ ಹಾಗೆ. ಮೊದಮೊದಲು ಅದಕ್ಕೆ ನಾವೇ ಹೊಂದಿಕೊಳ್ಳಬೇಕು, ದೂರದ ಪ್ರಯಾಣಕ್ಕೆ ಕೂಡಲೇ ನಂಬಿ ಹೊರಡಬಾರದು. ಬೊಬ್ಬೆ ಏಳುವುದು ಉಜ್ಜುವುದರಿಂದ. ಬೆವರಿನ ತೇವ, ಕಾವು ಸೇರಿದರೆ ಇನ್ನೂ ಬೇಗ. ಆದ್ದರಿಂದ ಒಣ ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇರಬೇಕು, ಹಿಮ್ಮಡಿ ಚುರುಗುಟ್ಟಿದ ಕೂಡಲೇ ನಿಂತು ಪಟ್ಟಿ ಅಂಟಿಸಬೇಕು. ಚುರುಗುಟ್ಟುವುದನ್ನು ಮರ್ಯಾದೆಗಾಗಿ ಮುಚ್ಚಿಟ್ಟವನು ಮರುದಿನ ಕುಂಟುತ್ತಾನೆ. ನಮ್ಮ ಹಳಬರು ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಂಡು ಹೊರಡುತ್ತಿದ್ದರು. ಇಂದಿನವರು ಅದೇ ಕೆಲಸಕ್ಕೆ ವ್ಯಾಸಲೀನ್ ಹಚ್ಚುತ್ತಾರೆ.

ಚೀಲದ್ದು ಬೇರೆಯೇ ಪುರಾಣ. ಸ್ಪೇನಿನಲ್ಲಿ ಸಂತಿಯಾಗೊ ಎಂಬ ಊರಿಗೆ ಕ್ರೈಸ್ತ ಯಾತ್ರಿಕರು ಸುಮಾರು 800 ಕಿ.ಮೀ. ನಡೆದು ಹೋಗುವ ಹಳೆಯ ದಾರಿಯೊಂದಿದೆ. ಹೊರೆ ನಮ್ಮ ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂಬುದು ಆ ದಾರಿಯವರ ಬುದ್ಧಿಮಾತು. ಭಾರ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸುವ ಚಾರಣಿಗರೂ ಇದ್ದಾರಂತೆ. ಈ ಮಾತಿಗೆ ಒಪ್ಪಿ ನಮ್ಮ ಚೀಲಗಳನ್ನು ತೂಗಿಸಲು ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೋದೆವು. ಕ್ಯಾಷಿಯರನ ಚೀಲವನ್ನು ಅಂಗಡಿಯವನು ತಕ್ಕಡಿಗೆ ಏರಿಸಿ, “ಹನ್ನೊಂದೂವರೆ ಕೇಜಿ ಸಾರ್. ಪೇಪರ್ರಾ, ಪುಸ್ತಕನಾ? ಎರಡಕ್ಕೂ ರೇಟು ಬೇರೆ” ಎಂದ. ಬಿಚ್ಚಿಸಿ ನೋಡಿದರೆ ಟಾರ್ಚು, ಅದು ಕೆಟ್ಟರೆ ಇನ್ನೊಂದು ಟಾರ್ಚು, ಮೂರಂತಸ್ತಿನ ಸ್ಟೀಲ್ ಕ್ಯಾರಿಯರು, ಪಂಚಾಂಗ, ಜಮಖಾನ, ಒಂದು ಹಿತ್ತಾಳೆ ಬೀಗ.

“ಕಾಡಲ್ಲಿ ಬೀಗ ಯಾವ ಬಾಗಿಲಿಗೋ?” ಎಂದೆ.

“ಎಲ್ಲಾದ್ರೂ ಬೇಕಾಗುತ್ತೆ ಕಣೋ. ನಿನ್ನ ಚೀಲದಲ್ಲಿ ಮೂರು ಕಾದಂಬರಿ ಇದೆಯಲ್ಲ, ಆನೆಗೆ ಓದಿ ಹೇಳ್ತೀಯಾ?”

ಬೀಗಕ್ಕೂ ಕಾದಂಬರಿಗಳಿಗೂ ಅಲ್ಲೇ ರಾಜಿಯಾಯಿತು. ಎರಡೂ ಮನೆಯಲ್ಲಿ ಉಳಿದವು. ಅಂಗಡಿಯವನಿಗೆ ವ್ಯಾಪಾರವಾಗಲಿಲ್ಲವೆಂದು ಕ್ಯಾಷಿಯರ್ ಪಂಚಾಂಗದ ಹಿಂದಿನ ವರ್ಷದ ಪ್ರತಿಯನ್ನು ತೂಕಕ್ಕೆ ಹಾಕಿದ. ಎರಡು ರೂಪಾಯಿ ಬಂತು. ಅದನ್ನು ‘ಜಮಾ’ ಕಡೆ ಬರೆದುಕೊಂಡ.

ಹೊರೆ ಇಳಿದಷ್ಟೂ ಮನೆಯವರು ಏರಿಸುತ್ತಾರೆ. “ಹಾಲು ತರೋಕೆ ಸ್ಕೂಟರ್ ತೆಗೆಯೋರು ಮಾದಪ್ಪನ ಬೆಟ್ಟಕ್ಕೆ ನಡೀತಾರಂತೆ” ಎಂದು ಮೊದಲ ವಾರವೆಲ್ಲ ಆಡಿಕೊಂಡ ನನ್ನಾಕೆ, ಎರಡನೆಯ ವಾರದಿಂದ ಕೊಡುಬಳೆಯ ಹಿಟ್ಟು ಬೀಸಿಸತೊಡಗಿದಳು. ದಾರಿಯುದ್ದಕ್ಕೂ ಭಕ್ತರು ಮಜ್ಜಿಗೆ, ಪಾನಕ, ಅನ್ನ ಸಾರು ಕೊಡುತ್ತಾರೆ ಎಂದರೂ ಕೇಳಲಿಲ್ಲ. “ಕೊಡೋರು ಕೊಡಲಿ ರೀ. ನಮ್ಮನೇದು ನಮಗಿರಲಿ.” ಒಪ್ಪಿಕೊಂಡ ಪಟ್ಟಿಯಲ್ಲಿ ಉಳಿದದ್ದು ಹುರಿಹಿಟ್ಟು, ಬೆಲ್ಲ, ಕಡಲೆಬೀಜ. ತೂಕಕ್ಕೆ ಹೋಲಿಸಿದರೆ ಇಷ್ಟು ಶಕ್ತಿ ಕೊಡುವ ತಿಂಡಿ ಕಡಿಮೆ; 100 ಗ್ರಾಂ ಕಡಲೆಬೀಜದಲ್ಲಿ ಐನೂರಕ್ಕೂ ಮೇಲೆ ಕ್ಯಾಲರಿಯಿದೆ. ಬಿಸಿಲಿಗೆ ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಕುಡಿಯಬೇಕು.

“ಈ ವಯಸ್ಸಲ್ಲಿ ಬೇಕಾ ಅಪ್ಪ?” ಎಂದಳು ಮಗಳು. 1930ರಲ್ಲಿ ಸಾಬರಮತಿಯಿಂದ ದಂಡಿಗೆ 385 ಕಿ.ಮೀ. ನಡೆದಾಗ ಗಾಂಧೀಜಿಗೆ ಅರವತ್ತು ತುಂಬಿತ್ತು ಎಂದು ಜ್ಞಾಪಿಸಿದೆ. “ಅವರು ದಿನಾ ನಡೀತಿದ್ರು, ಊಟ ಆದ್ಮೇಲೆ ಎರಡು ಗಂಟೆ ಮಲಗ್ತಿರ್ಲಿಲ್ಲ” ಎಂದಳು. ಇತಿಹಾಸ ಕಲಿಸಿದ್ದೇ ತಪ್ಪಾಯಿತು.

ಇಷ್ಟೆಲ್ಲ ತಯಾರಿಯಲ್ಲಿ ನಮ್ಮ ಪಟ್ಟಿಗೆ ಬಾರದೆ ಉಳಿದದ್ದು ಒಂದೇ, ನಾವಿಬ್ಬರೂ ಒಟ್ಟಿಗೆ ನಡೆಯುವುದು ಹೇಗೆ ಎಂಬುದು. ಇಷ್ಟು ವರ್ಷದ ನಮ್ಮ ಸ್ನೇಹವೆಲ್ಲ ಕೂತುಕೊಂಡೇ ನಡೆದದ್ದು: ಶಾಲೆಯ ಬೆಂಚು, ಹೋಟೆಲಿನ ಬೈಟು ಕಾಫಿ, ಮದುವೆ ಮನೆಯ ಪಂಕ್ತಿ, ಗುಡ್ಡದ ಕಲ್ಲುಬೆಂಚು. ಕನಕಪುರ ರಸ್ತೆಯಲ್ಲಿ ಮೊದಲ ದೊಡ್ಡ ಅಭ್ಯಾಸಕ್ಕೆ ಹೊರಟಾಗಲೇ ತಿಳಿದದ್ದು, ಅವನದು ವಸೂಲಿಗೆ ಹೊರಟವನ ನಡಿಗೆ, ನನ್ನದು ಬಾಕಿ ಉಳಿಸಿಕೊಂಡವನದು. ಅವನು ನೆಲ ನೋಡುತ್ತಾ ಹೋಗುತ್ತಾನೆ. ನನಗೆ ಬೋರ್ಡುಗಳನ್ನೆಲ್ಲ ಓದಬೇಕು, ಬೀದಿಬದಿಯ ಹೊಂಗೆ ಚಿಗುರಿದೆಯೇ ನೋಡಬೇಕು, ಬನಶಂಕರಿ ಗುಡಿಯ ಮುಂದೆ ರಾಹುಕಾಲದ ನಿಂಬೆಹಣ್ಣಿನ ದೀಪಕ್ಕೆ ಕಾದಿರುವ ಸಾಲು ಎಲ್ಲಿಯವರೆಗೆ ಬಂದಿದೆ ಎಂದು ಅಂದಾಜು ಮಾಡಬೇಕು. ಅವನು ಮುಂದಿನ ಸಿಗ್ನಲಿನಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತಿದ್ದ. ನಾನು ಬಂದು ಮುಟ್ಟಿದ ಕೂಡಲೇ, ವಿಶ್ರಾಂತಿ ಮುಗಿಸಿದ ಅವನು ಹೊರಡುತ್ತಿದ್ದ. ನಿಧಾನದವನಿಗೆ ವಿಶ್ರಾಂತಿಯೂ ಇಲ್ಲ, ಜೊತೆಯೂ ಇಲ್ಲ. ತಲೆಯ ಮೇಲೆ ಮೆಟ್ರೋ ಬೇರೆ. 2021ರಿಂದ ರೇಷ್ಮೆ ಸಂಸ್ಥೆಯವರೆಗೆ ಓಡುತ್ತಿದೆ. ಪ್ರತಿ ಐದಾರು ನಿಮಿಷಕ್ಕೊಮ್ಮೆ ‘ಹತ್ತಿಕೊಳ್ಳಬಾರದೇ’ ಎಂದು ನಮ್ಮ ನೆತ್ತಿಯ ಮೇಲೆಯೇ ಹೋಗುತ್ತಿತ್ತು. ಒಂದು ದಿನ ಮಾತು ಬಿಟ್ಟು ರಸ್ತೆಯ ಆ ಬದಿಗೊಬ್ಬ, ಈ ಬದಿಗೊಬ್ಬ ವಾಪಸ್ಸು ಬಂದೆವು.

ಪರಿಹಾರವನ್ನು ಹೇಳಿದವಳು ನನ್ನಾಕೆ. “ನಿಮ್ಮನ್ನ ಮುಂದೆ ಬಿಟ್ಟು ಅವರು ಹಿಂದೆ ಬರಲಿ” ಎಂದಳು. ಕಾಡಿನಲ್ಲಿ ಗುಂಪು ಕರೆದೊಯ್ಯುವ ಚಾರಣದವರ ನಿಯಮವೂ ಇದೇ ಎಂದು ಆಮೇಲೆ ಗೊತ್ತಾಯಿತು. ಕ್ಯಾಷಿಯರ್ ಮೊದಲು ಸಂಕಟಪಟ್ಟ. ಕೌಂಟರಿನ ಮುಂದೆ ಸಾಲು ನಿಲ್ಲಿಸಿ ಅಭ್ಯಾಸವಿದ್ದವನಿಗೆ ಸಾಲಿನಲ್ಲಿ ನಿಲ್ಲುವುದು ಕಷ್ಟ. ಆದರೆ ಎರಡು ವಾರದಲ್ಲಿ ನನ್ನ ಹೆಜ್ಜೆ ತುಸು ಉದ್ದವಾಯಿತು, ಅವನದು ತುಸು ಗಿಡ್ಡವಾಯಿತು. ತುರಹಳ್ಳಿ ಕಾಡಿನ ಬಂಡೆಯ ಮೇಲೆ ಕೂತು ಹುರಿಹಿಟ್ಟು ಕಲಸಿ ತಿಂದ ದಿನ ಹೆಜ್ಜೆ ಎಣಿಸುವುದನ್ನು ಅವನು ಮರೆತೇಬಿಟ್ಟಿದ್ದ.

ನಡೆಯುತ್ತಾ ಮಾತಾಡುವವರು ಮುಖ ನೋಡುವುದಿಲ್ಲ, ಇಬ್ಬರೂ ದಾರಿ ನೋಡುತ್ತಾರೆ. ಅದಕ್ಕೇ ಇರಬೇಕು, ಕೂತಾಗ ಬಾಯಿಗೆ ಬಾರದ್ದು ಆಗ ಬರುತ್ತದೆ. ಒಂದು ಬೆಳಿಗ್ಗೆ ಜೆ.ಪಿ. ನಗರದ ಹತ್ತಿರ ಅವನು ಇದ್ದಕ್ಕಿದ್ದಂತೆ ಹೇಳಿದ: ಭಾನುವಾರ ಅಮೆರಿಕದಿಂದ ಮಗ ಫೋನ್ ಮಾಡುವ ಮುಂಚೆ ಏನೇನು ಮಾತಾಡಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾನಂತೆ. ಇಲ್ಲದಿದ್ದರೆ ಎರಡು ನಿಮಿಷಕ್ಕೇ ಮುಗಿದುಹೋಗುತ್ತದಂತೆ. ನಾನೇನೂ ಹೇಳಲಿಲ್ಲ. ಸಾರಕ್ಕಿ ಸಿಗ್ನಲ್ ದಾಟಿದ ಮೇಲೆ, “ಈ ವಾರ ಏನು ಬರೆದಿದ್ದೀಯ?” ಎಂದೆ. “ನಿನ್ನ ನಡಿಗೆ ವಿಷಯ. ಅರ್ಧ ಗಂಟೆ ನಕ್ಕ” ಎಂದ. ನನ್ನ ನಿಧಾನ ಯಾರಿಗಾದರೂ ಇಷ್ಟು ಉಪಕಾರ ಮಾಡಿದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು.

ಶಿವರಾತ್ರಿ ಹತ್ತಿರವಾಗಿದೆ. ಶೂ ಪಳಗಿವೆ, ಚೀಲ ಆರು ಕೇಜಿಗೆ ಇಳಿದಿದೆ, ಕೊಡುಬಳೆ ಡಬ್ಬ ತುಂಬಿದೆ. ನಮ್ಮ ಹಾಗೆ ಮಾದಪ್ಪನ ಬೆಟ್ಟಕ್ಕೋ, ಧರ್ಮಸ್ಥಳಕ್ಕೋ, ಶ್ರೀಶೈಲಕ್ಕೋ ನಡೆಯಬೇಕೆಂದಿರುವವರಿಗೆ ನಾಲ್ಕು ಮಾತು ಹೇಳುತ್ತೇನೆ, ನಿಂತುಕೊಂಡೇ. ಮೂರು ತಿಂಗಳು ಮುಂಚೆ ಶುರುಮಾಡಿ. ಚೀಲವನ್ನು ತೂಗಿಸಿ, ನಾಚಿಕೊಳ್ಳಬೇಡಿ. ಕಾಡಿನ ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರನ್ನೂ ದೇವಸ್ಥಾನದವರನ್ನೂ ಮೊದಲೇ ವಿಚಾರಿಸಿ. ಕತ್ತಲಾದ ಮೇಲೆ ಕಾಡಿಗೆ ಕಾಲಿಡಬೇಡಿ, ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬೇಡಿ. ಸಂಗಮದಲ್ಲಿ ಹೊಳೆ ಎಷ್ಟು ಸೊರಗಿದಂತೆ ಕಂಡರೂ ಹಗ್ಗ ಕಟ್ಟಿದ ಕಡೆಯೇ, ಕಾವಲಿನವರು ಹೇಳಿದಂತೆಯೇ ದಾಟಿ. ಮೇಲಿನಿಂದ ನೀರು ಬಿಟ್ಟರೆ ಅದು ಯಾವ ಹೊತ್ತಿಗಾದರೂ ಏರುತ್ತದೆ. ಶೂವನ್ನು ಕಾಲಿಗೆ ಹಾಕಿ ನೋಡುವಷ್ಟು ಸಲ ಗೆಳೆಯನ ಜೊತೆಯೂ ನಡೆದು ನೋಡಿ. ಇಬ್ಬರಲ್ಲಿ ನಿಧಾನ ಯಾರೋ, ಅವರನ್ನು ಮುಂದೆ ಬಿಡಿ.